ಪಟ್ಟಿಯೇ ಹಾಕಿ ಎಂದೆ

ಐವತ್ತರ ದಶಕದ ಕೊನೆಯಲ್ಲಿ ನಾನು ಸೊರಬದ ಬ್ಲಾಕ್ ಆಫೀಸಿನಲ್ಲಿ ಗ್ರಾಮಸೇವಿಕೆಯಾಗಿ ಸೇರಿದೆ. ಹಳ್ಳಿಗಳಿಗೆ ಹೋಗಿ ಹೊಗೆಯಿಲ್ಲದ ಒಲೆ ಕಟ್ಟಿಸುವುದು, ಹೆಂಗಸರಿಗೆ ಹೊಲಿಗೆ ಹೇಳಿಕೊಡುವುದು, ಎಳೆಮಕ್ಕಳಿಗೆ ಹಾಲಿನ ಪುಡಿ ಹಂಚುವುದು ನನ್ನ ಕೆಲಸ. ಓಡಾಡುವುದಕ್ಕೆ ಸರ್ಕಾರ ಒಂದು ಸೈಕಲ್ ಕೊಟ್ಟಿತ್ತು. ನಡುವೆ ಅಡ್ಡ ಕಂಬಿ ಇಲ್ಲದ ಹೆಂಗಸರ ಸೈಕಲ್. ಸೀರೆಯ ನೆರಿಗೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ನಾನು ಅದನ್ನು ತುಳಿಯುತ್ತಿದ್ದರೆ ಗದ್ದೆಯಲ್ಲಿದ್ದವರು ಬಗ್ಗಿದ ಬೆನ್ನು ಎತ್ತಿ ನಿಂತು ನೋಡುತ್ತಿದ್ದರು. ಮೊದಮೊದಲು ನನಗೂ ಮುಜುಗರವಾಗುತ್ತಿತ್ತು. ಆಮೇಲೆ ನೋಡುವವರ ಕಡೆ ನಾನೇ ತಿರುಗಿ ನೋಡುವುದನ್ನು ಕಲಿತೆ.

ನಮ್ಮ ಮನೆ ಶಿಕಾರಿಪುರದಲ್ಲಿ. ಪೇಟೆ ಬೀದಿಯಲ್ಲಿ ಅಪ್ಪನದು ಬೆಲ್ಲ, ಮೆಣಸಿನಕಾಯಿಯ ಅಂಗಡಿ. ನೌಕರಿಗೆ ಅವರು ಹೇಗೋ ಒಪ್ಪಿದ್ದರು. ಸೈಕಲ್ಲಿನ ಸುದ್ದಿ ಗಿರಾಕಿಯೊಬ್ಬರ ಬಾಯಿಂದ ಅವರ ಕಿವಿಗೆ ಬಿದ್ದ ಮೇಲೆ, ರಜೆಗೆ ಊರಿಗೆ ಬಂದ ನನ್ನನ್ನು ಎದುರಿಗೆ ಕೂರಿಸಿಕೊಂಡರು.

"ನೌಕರಿ ಮಾಡು, ಬ್ಯಾಡ ಅನ್ನಂಗಿಲ್ಲ. ಸೈಕಲ್ ಮ್ಯಾಲೆ ಕುಂತು ಊರೂರು ತಿರುಗೋದು ಮಾತ್ರ ಬ್ಯಾಡ."

"ಸರ್ಕಾರ ಕೊಟ್ಟೈತಿ ಅಪ್ಪ."

"ಸರ್ಕಾರಕ್ಕೆ ಮದುವಿಗೆ ಬಂದ ಮಗಳಿಲ್ಲ."

ನಾನು ಸೈಕಲ್ ಬಿಡಲಿಲ್ಲ. ಅಪ್ಪ ಮಾತು ಬಿಟ್ಟರು. ಹೀಗೇ ನಡೆದಿತ್ತು.

ಮಳೆಗಾಲ ಕಳೆದು ದಾರಿ ಒಣಗುತ್ತಿದ್ದ ದಿನಗಳು. ಕುಬಟೂರಿನಲ್ಲಿ ಒಂದು ಮನೆಗೆ ಹೊಗೆಯಿಲ್ಲದ ಒಲೆ ಕಟ್ಟಿಕೊಡುವುದಿತ್ತು. ಹೊಗೆ ಹೋಗುವ ಮಣ್ಣಿನ ಕೊಳವೆಗಳನ್ನು ಕ್ಯಾರಿಯರಿಗೆ ಹಗ್ಗದಿಂದ ಬಿಗಿದುಕೊಂಡು ಬೆಳಿಗ್ಗೆಯೇ ಹೊರಟಿದ್ದೆ. ಕೆರೆ ಏರಿಯ ಕೆಳಗೆ ಗಾಡಿಯ ಚಕ್ರ ಕೊರೆದ ಜಾಡು ಒಣಗಿ ಕಲ್ಲಿನ ಹಾಗಾಗಿತ್ತು. ಮುಂದಿನ ಚಕ್ರ ಅದರೊಳಗೆ ಇಳಿದದ್ದೊಂದು ಗೊತ್ತು. ಆಮೇಲೆ ನಾನು ಬಲಭುಜದ ಮೇಲೆ ನೆಲಕ್ಕೆ ಬಿದ್ದಿದ್ದೆ. ಮುರಿದ ಸದ್ದು ಕೇಳಿತು. ಕೊಳವೆ ಮುರಿಯಿತು ಎಂದುಕೊಂಡು ಮೊದಲು ಅದಕ್ಕೇ ಮರುಗಿದೆ. ಎದ್ದು ಕೂರಲು ಹೋದಾಗ ಮುರಿದದ್ದು ಕೊಳವೆಯೊಂದೇ ಅಲ್ಲ ಎಂದು ತಿಳಿಯಿತು. ಕುತ್ತಿಗೆಯ ಬುಡದಿಂದ ಭುಜದವರೆಗೆ ಅಡ್ಡ ಹಾಯುವ ಮೂಳೆ ಚರ್ಮವನ್ನು ಒಳಗಿನಿಂದ ಎತ್ತಿ ನಿಂತಿತ್ತು.

ಹುಲ್ಲು ಕೊಯ್ಯುತ್ತಿದ್ದ ಹೆಂಗಸೊಬ್ಬರು ಓಡಿಬಂದರು. ತಮ್ಮ ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ನನ್ನ ಕೈಯನ್ನು ಎದೆಗೆ ಕಟ್ಟಿದರು. ಸೊರಬದ ಕಡೆ ಹೊರಟಿದ್ದ ಗಾಡಿಯೊಂದನ್ನು ಕೂಗಿ ನಿಲ್ಲಿಸಿದರು.

"ಸೈಕಲ್ಲೂ ಹತ್ಸಿ," ಎಂದೆ.

"ಅಯ್ಯೋ, ಜೀವ ಹೋಗ್ತಾ ಅದೆ, ಸೈಕಲ್ ಯಾಕ್ರೀ ನಿಮ್ಗೆ?"

"ಅದ್ನ ಹತ್ತಿಸದೆ ನಾನು ಹತ್ತಲ್ಲ."

ಗಾಡಿಯವರು ಬೈದುಕೊಳ್ಳುತ್ತಲೇ ಅದನ್ನೂ ಹತ್ತಿಸಿದರು.

ಅಪ್ಪ ಬಂದು ನನ್ನನ್ನು ಶಿಕಾರಿಪುರಕ್ಕೆ ಕರೆದೊಯ್ದರು. ದಾರಿಯುದ್ದಕ್ಕೂ ಒಂದು ಮಾತನ್ನೂ ಆಡಲಿಲ್ಲ. "ನಾನು ಹೇಳಿದ್ದೆ" ಎಂಬುದನ್ನು ಬಾಯಿ ಬಿಟ್ಟು ಹೇಳಿದ್ದರೆ ಉತ್ತರವಾದರೂ ಕೊಡಬಹುದಿತ್ತು. ಬೀದಿಯವರು ಮಾತ್ರ ಮನೆಗೇ ಬಂದು, ಅವ್ವನ ಎದುರಿಗೇ ಹೇಳಿ ಹೋದರು. ಹೆಣ್ಣಿಗೆ ಸೈಕಲ್ ಯಾಕೆ ಬೇಕಿತ್ತು ಎಂದು ಕೇಳದೆ ಹೋದವರು ಒಬ್ಬರೂ ಇರಲಿಲ್ಲ. ಗಂಡಸರೂ ಸೈಕಲ್ಲಿನಿಂದ ಬೀಳುತ್ತಾರೆ, ಅವರನ್ನು ಯಾರೂ ಹೀಗೆ ಕೇಳುವುದಿಲ್ಲ ಎಂದು ನಾನು ಮಲಗಿದಲ್ಲಿಂದಲೇ ಕೂಗಿದೆ. ಕೂಗಿದರೆ ಭುಜ ನೋಯುತ್ತಿತ್ತು. ಆದರೂ ಕೂಗಿದೆ.

ಬಂದಳಿಕೆ ಕಡೆಯಿಂದ ಮೂಳೆ ಕಟ್ಟುವ ವೈದ್ಯರನ್ನು ಕರೆಸಿದರು. ವಯಸ್ಸಾದವರು, ಕೈ ಬಹಳ ಹಗುರ. ನನ್ನ ಬೆನ್ನಿಗೆ ಮೊಣಕಾಲು ಕೊಟ್ಟು, ಎರಡೂ ಭುಜ ಹಿಂದಕ್ಕೆಳೆದು, ಸೊಪ್ಪಿನ ಲೇಪ ಹಚ್ಚಿ, ಕಂಕುಳ ಕೆಳಗಿಂದ ಬೆನ್ನಿನ ಮೇಲೆ ಅಡ್ಡಡ್ಡ ಬಟ್ಟೆ ಸುತ್ತಿ ಬಿಗಿದರು. ಆ ಲೇಪದ ವಾಸನೆಗೆ ಊಟ ಸೇರುತ್ತಿರಲಿಲ್ಲ. ಅವರು ಕಟ್ಟಿದ ಮೂಳೆಗಳು ಕೂಡಿಕೊಂಡದ್ದನ್ನು ನಮ್ಮ ಬೀದಿಯಲ್ಲೇ ನಾನು ನೋಡಿದ್ದೆ, ಅವರ ಮೇಲೆ ನಂಬಿಕೆಯಿತ್ತು. ನನ್ನ ಮೂಳೆ ಮಾತ್ರ ಕೂಡಲಿಲ್ಲ. ತಿಂಗಳುಗಳು ಕಳೆದರೂ ಕೈ ಎತ್ತಿದರೆ ಒಳಗೆ ಎರಡು ತುದಿಗಳು ಒಂದಕ್ಕೊಂದು ಉಜ್ಜಿ ಕಟಕಟ ಎನ್ನುತ್ತಿದ್ದವು. ತಲೆ ಬಾಚಿಕೊಳ್ಳಲು ಆಗುತ್ತಿರಲಿಲ್ಲ. ಬಲಭುಜ ಎಡದಕ್ಕಿಂತ ಇಳಿದು ಮುಂದಕ್ಕೆ ಬಾಗಿತ್ತು.

ವೈದ್ಯರು ಬೆರಳಿನಿಂದ ಒತ್ತಿ ನೋಡಿ, "ಇದು ನನ್ನ ಕೈಗೆ ಬಗ್ಗಲಿಲ್ಲವ್ವ. ದವಾಖಾನಿಗೆ ತೋರಿಸ್ರಿ," ಎಂದರು. ಆ ಮಾತಿಗೆ ನಾನು ಅವರನ್ನು ಇಂದಿಗೂ ಗೌರವಿಸುತ್ತೇನೆ.

ಅಪ್ಪನಿಗೆ ಆಪರೇಷನ್ ಎಂದರೆ ಭಯ. "ಅಷ್ಟಿಷ್ಟು ಕೆಲಸಕ್ಕೆ ಕೈ ಬರ್ತೈತಿ, ಹಂಗೇ ಇರ್ಲಿ," ಎಂದು ತಳ್ಳಿಹಾಕುತ್ತಿದ್ದರು. ಅಷ್ಟರಲ್ಲಿ ಸೊರಬದ ಕಡೆಯ ಒಂದು ಮನೆಯಿಂದ ನನ್ನ ಸಂಬಂಧ ಕೇಳಿಕೊಂಡು ಬಂದರು. ಹುಡುಗಿಯ ಭುಜ ಸೊಟ್ಟಗಿದೆಯಂತೆ ಎಂದು ಅವರು ಯಾರ ಹತ್ತಿರವೋ ವಿಚಾರಿಸಿದ ಸುದ್ದಿ ಬಂತು. ಆ ವಾರವೇ ಅಪ್ಪ ಬಸ್ಸಿಗೆ ಹೊರಡಲು ಹೇಳಿದರು. ಕೈ ಮೇಲೇಳಲಿ ಎಂಬುದಕ್ಕೆ ಸಿಗದ ಒಪ್ಪಿಗೆ, ಭುಜ ನೆಟ್ಟಗೆ ಕಾಣಲಿ ಎಂಬುದಕ್ಕೆ ಸಿಕ್ಕಿತ್ತು. ನನಗೆ ಸಿಟ್ಟು ಬಂತು. ಆದರೆ ಬಸ್ಸು ಹತ್ತಿದೆ.

ಆಸ್ಪತ್ರೆಯಿದ್ದ ಊರಿನ ಹೆಸರು ಇಲ್ಲಿ ಬೇಡ. ಹೆಂಗಸರ ವಾರ್ಡಿನಲ್ಲಿ ಉದ್ದಕ್ಕೆ ಕಬ್ಬಿಣದ ಮಂಚಗಳು. ಅವ್ವ ನನ್ನ ಜೊತೆಗೇ ಉಳಿದರು. ನನ್ನ ಪಕ್ಕದ ಮಂಚದಲ್ಲಿದ್ದವರು ನಮ್ಮ ಶಿಕಾರಿಪುರದವರೇ. ಅವರ ಗಂಡ ಹತ್ತಿ ಹಿಂಜಿ ಗಾದಿ ಹೊಲಿಯುವವರು. ಅಟ್ಟದಿಂದ ಹತ್ತಿಯ ಮೂಟೆ ಇಳಿಸುವಾಗ ಏಣಿ ಜಾರಿ ಆಕೆ ಬಿದ್ದಿದ್ದರು. ಅದೇ ಮೂಳೆ, ಅವರದು ಎಡಗಡೆ. ಮುರಿದ ತುದಿ ಚರ್ಮ ಹರಿಯುವ ಹಾಗೆ ಚುಚ್ಚುತ್ತಿದ್ದುದರಿಂದ ಅವರಿಗೆ ತಡಮಾಡದೆ ಆಪರೇಷನ್ ಮಾಡಿದ್ದರು. ನನಗಿಂತ ಹಿರಿಯರು, ನಾನು ಅಕ್ಕ ಎಂದು ಕರೆದೆ. ಅವರು ನನ್ನನ್ನು ತಂಗಿ ಎಂದರು.

ಅವರ ಮೂಳೆಯೊಳಗೆ ಉದ್ದಕ್ಕೂ ಒಂದು ಸ್ಟೀಲ್ ಕಡ್ಡಿ ತೂರಿಸಿದ್ದರು. ಭುಜದ ಹಿಂದೆ ಅದರ ತುದಿ ಚರ್ಮದ ಕೆಳಗೆ ಕಾಳಿನ ಹಾಗೆ ಕೈಗೆ ಸಿಗುತ್ತಿತ್ತು. ಮೂಳೆ ಕೂಡಿದ ಮೇಲೆ ಕಡ್ಡಿಯನ್ನು ಹೊರಗೆಳೆಯುವುದು. ಅಲ್ಲಿಯವರೆಗೆ ಭುಜಕ್ಕಿಂತ ಮೇಲೆ ಕೈ ಎತ್ತಕೂಡದು. ಎತ್ತಿದರೆ ಮೂಳೆ ತಿರುಗುತ್ತದೆ, ಕಡ್ಡಿ ಸರಿಯುತ್ತದೆ.

"ಮುಂದೆ ಕುತ್ತಿಗಿ ಹತ್ರ ಏನೂ ಕಾಣಂಗಿಲ್ಲ ನೋಡು," ಎಂದು ಅಕ್ಕ ಸೆರಗು ಸರಿಸಿ ತೋರಿಸಿದರು. ಮೂಳೆಯ ಮೇಲೆ ಸಣ್ಣದೊಂದು ಹೊಲಿಗೆ, ಅಷ್ಟೇ. "ಮೂಳಿ ಮ್ಯಾಲೆ ಸ್ಟೀಲ್ ಪಟ್ಟಿ ಹಾಕಿದ್ರೆ ಇಷ್ಟುದ್ದ ಕೊಯ್ತಾರಂತೆ. ಅದಕ್ಕೆ ಕಡ್ಡೀನೇ ಸಾಕು ಅಂದ್ರು ನಮ್ಮೋರು."

"ನಿಮ್ಮನ್ನ ಕೇಳಿದ್ರಾ ಅಕ್ಕ, ಕಡ್ಡಿ ಬೇಕೋ ಪಟ್ಟಿ ಬೇಕೋ ಅಂತ?"

"ನನ್ನ ಯಾರ್ ಕೇಳ್ತಾರ? ನಮ್ಮೋರಿಗೆ ಕೇಳಿದ್ರು." ಸೆರಗು ಸರಿಮಾಡಿಕೊಂಡು ಮತ್ತೆ ಹೇಳಿದರು: "ಕೇಳಿದ್ರೂ ನಾ ಅದನ್ನೇ ಹೇಳ್ತಿದ್ದೆ. ಆದ್ರ ಕೇಳಬೇಕಿತ್ತು, ಹೌದಿಲ್ಲೋ?"

ಆ ಮಾತು ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿತು. ಮರುದಿನ ಸರ್ಜನ್ ಬಂದು ನನ್ನ ಎಕ್ಸರೇ ಚಿತ್ರವನ್ನು ಕಿಟಕಿಗೆ ಹಿಡಿದು ನೋಡಿ, ಅಪ್ಪನನ್ನು ಬಾಗಿಲ ಹೊರಗೆ ಕರೆದು ಮಾತಾಡತೊಡಗಿದಾಗ ನಾನು ಮಂಚದಿಂದ ಇಳಿದು ಅಲ್ಲಿಗೇ ಹೋಗಿ ನಿಂತೆ.

"ಮಲಗಮ್ಮ, ನಿಮ್ಮ ತಂದೆಯವರಿಗೆ ಎಲ್ಲ ಹೇಳ್ತಿದೀನಿ," ಎಂದರು ಸರ್ಜನ್.

"ಮೂಳೆ ನಂದು ಡಾಕ್ಟ್ರೇ. ನಂಗೆ ಹೇಳಿ."

ಅಪ್ಪ ತಲೆ ತಗ್ಗಿಸಿದರು. ಸರ್ಜನ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ನಮ್ಮಿಬ್ಬರನ್ನೂ ತಮ್ಮ ಕೋಣೆಗೆ ಕರೆದೊಯ್ದು, ಒಂದು ತಟ್ಟೆಯಲ್ಲಿ ಎರಡು ವಸ್ತು ತರಿಸಿ ನನ್ನ ಎಡಗೈಗೆ ಕೊಟ್ಟರು. ಒಂದು ಸ್ವೆಟರ್ ಹೆಣೆಯುವ ಕಡ್ಡಿಯಷ್ಟು ದಪ್ಪದ ಸ್ಟೀಲ್ ಸಲಾಕೆ. ಇನ್ನೊಂದು ತೂತುಗಳಿದ್ದ ಚಪ್ಪಟೆ ಪಟ್ಟಿ, ಪೆಟ್ಟಿಗೆಯ ಮೂಲೆಗೆ ಬಡಿಯುವ ತಗಡಿನ ಹಾಗೆ, ಆದರೆ ನಯವಾಗಿತ್ತು, ತೂಕವಿತ್ತು.

"ಕಡ್ಡಿ ಆದ್ರೆ ಗಾಯ ಚಿಕ್ಕದು. ಮೂಳೆ ಒಳಗೇ ಕೂರುತ್ತೆ. ಆದ್ರೆ ಮೂಳೆ ಸುತ್ತ ತಿರುಗೋದನ್ನ ಅದು ತಡೆಯಲ್ಲ. ಸರಿದು ಹೊರಗೆ ಬರಬಹುದು, ಒಂದೊಂದು ಸಲ ಬಾಗುತ್ತೆ. ಆಮೇಲೆ ತೆಗೀಲೇಬೇಕು," ಎಂದರು. "ಪಟ್ಟಿ ಆದ್ರೆ ಉದ್ದಕ್ಕೆ ಕೊಯ್ದು, ಮೂಳೆ ಮೇಲೆ ಇಟ್ಟು ಸ್ಕ್ರೂ ಹಾಕ್ತೀವಿ. ಹಿಡಿತ ಗಟ್ಟಿ. ಆದ್ರೆ ಗೆರೆ ಉಳಿಯುತ್ತೆ. ಚರ್ಮ ತೆಳು ಇರೋ ಜಾಗ, ಪಟ್ಟಿ ಕೈಗೆ ಸಿಗುತ್ತೆ. ಕೀವಾದ್ರೆ ಕಷ್ಟ. ಗಾಯದ ಕೆಳಗೆ ಸ್ಪರ್ಶ ಹೋಗಬಹುದು. ನಿಮ್ಮದು ಇಷ್ಟು ದಿನ ಕೂಡದೆ ಇರೋ ಮೂಳೆ, ಅದಕ್ಕೆ ಎರಡರಲ್ಲಿ ಯಾವುದು ಹಾಕಿದ್ರೂ ಸೊಂಟದ ಮೂಳೆ ಚೂರು ತೆಗೆದು ಅಲ್ಲಿ ತುಂಬಬೇಕು."

"ಕೂಡೋದು ಯಾವುದ್ರಲ್ಲಿ ಖಾತ್ರಿ?"

"ಖಾತ್ರಿ ಅಂತ ಯಾವುದ್ರಲ್ಲೂ ಹೇಳಲ್ಲ. ಎರಡ್ರಲ್ಲೂ ಕೂಡಿದ್ದು ನೋಡಿದೀನಿ, ಎರಡ್ರಲ್ಲೂ ಕೆಟ್ಟಿದ್ದು ನೋಡಿದೀನಿ." ಆಮೇಲೆ ಕೇಳಿದರು: "ಈ ಕೈಯಲ್ಲಿ ನೀವು ಏನು ಕೆಲಸ ಮಾಡ್ತೀರಿ?"

ಅಲ್ಲಿಯವರೆಗೆ ಆ ಪ್ರಶ್ನೆಯನ್ನು ನನ್ನನ್ನು ಯಾರೂ ಕೇಳಿರಲಿಲ್ಲ. ಸೈಕಲ್ಲಿನ ಹ್ಯಾಂಡಲ್ ಹಿಡಿಯುವುದು, ಒಲೆಗೆ ಮಣ್ಣು ಕಲಸುವುದು, ತಲೆಯ ಮೇಲೆ ಕೈಯೆತ್ತಿ ಸೂರಿನ ತೂತಿಗೆ ಕೊಳವೆ ಸಿಕ್ಕಿಸುವುದು, ಹೊಲಿಗೆ ಯಂತ್ರವನ್ನು ಗಾಡಿಯಿಂದ ಇಳಿಸುವುದು, ಎಲ್ಲವನ್ನೂ ಹೇಳಿದೆ. ಅವರು ಕೇಳಿಸಿಕೊಂಡು, "ಅಷ್ಟಕ್ಕೆಲ್ಲ ಪಟ್ಟಿ ವಾಸಿ ಅನ್ಸುತ್ತೆ ನನಗೆ. ಆದ್ರೆ ಮದುವೆ ಆಗದ ಹುಡುಗಿ. ಅದಕ್ಕೇ ನಿಮ್ಮ ತಂದೆಯವರಿಗೆ ಕಡ್ಡಿ ಅಂದೆ," ಎಂದರು.

"ಕಡ್ಡೀನೇ ಹಾಕ್ರಿ," ಎಂದರು ಅಪ್ಪ. "ಕೊಳ್ಳಾಗ ಕೊಯ್ದ ಗೆರಿ ಇರೋ ಹುಡುಗೀನ ಯಾರ ಮನಿಗೆ ಕಳಿಸ್ಲಿ?"

"ಪಟ್ಟಿಯೇ ಹಾಕಿ," ಎಂದೆ.

"ಏನಂದಿ?"

"ಪಟ್ಟಿಯೇ ಹಾಕಿ ಡಾಕ್ಟ್ರೇ. ಗೆರೆ ನೋಡಿ ಬ್ಯಾಡ ಅನ್ನೋರ ಮನೆಗೆ ನಾನೂ ಹೋಗಲ್ಲ."

ಅಪ್ಪ ಎದ್ದರು. ವಾರ್ಡಿಗೆ ಬಂದು ಅವ್ವನಿಗೆ ಬಟ್ಟೆ ಕಟ್ಟಿಕೋ ಎಂದರು. ಊರಿಗೆ ವಾಪಸ್ಸು ಹೋಗುವುದಂತೆ, ಆಪರೇಷನ್ನೇ ಬೇಡವಂತೆ. ನಾನು ಮಂಚದ ಮೇಲೆ ಹತ್ತಿ ಕೂತು, ಚೆನ್ನಾಗಿದ್ದ ಕೈಯಿಂದ ಕಬ್ಬಿಣದ ಸರಳನ್ನು ಹಿಡಿದುಕೊಂಡೆ. ವಾರ್ಡಿನ ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು. ಹೆದರಿಕೆಯಾಗುತ್ತಿತ್ತು, ಸುಳ್ಳು ಹೇಳುವುದಿಲ್ಲ. ಅಪ್ಪನ ಎದುರು ಹಾಗೆ ಕೂತದ್ದು ಅದೇ ಮೊದಲು.

ಅವ್ವ ಬಟ್ಟೆಯನ್ನೂ ಕಟ್ಟಲಿಲ್ಲ, ಎದ್ದೂ ನಿಲ್ಲಲಿಲ್ಲ. ಎಂದೂ ಅಪ್ಪನಿಗೆ ಎದುರಾಡದ ಅವ್ವ ಸಣ್ಣ ದನಿಯಲ್ಲಿ, "ಅಂಗಡಿ ಬಾಗ್ಲು ಹಾಕಿ ಬಂದೀರಿ. ನೀವು ಹೋಗಿ ಅಂಗಡಿ ನೋಡ್ಕಳ್ರಿ. ಇಲ್ಲಿಗೆ ನಾ ಇದೀನಿ," ಎಂದರು.

"ಅಂದ್ರ? ನೀನೂ ಅವಳ ಕಡಿಗೇನ?"

"ತಲಿ ಬಾಚ್ಕಳಾಕ ಆಗದ ಮಗಳ ತಲಿ ದಿನಾ ಬಾಚೋಳು ನಾನು. ನಿಮಗೇನು ಗೊತ್ತೈತ್ರೀ?"

ಅಪ್ಪ ಹೆಗಲ ಮೇಲಿನ ವಲ್ಲಿ ಕೊಡವಿಕೊಂಡು ಹೋದರು. ಆಸ್ಪತ್ರೆಯಲ್ಲಿ ಒಪ್ಪಿಗೆಯ ಸಹಿ ಯಾರದು ಎಂದಾಗ ನಾನು ಎಡಗೈಯಲ್ಲೇ ನನ್ನ ಹೆಸರು ಬರೆದೆ. ಕಾಗೆ ಕಾಲಿನ ಹಾಗಿತ್ತು, ಆದರೂ ಓದಬಹುದಿತ್ತು.

ಮೂಗಿಗೆ ಈಥರ್ ಹಿಡಿದದ್ದು ನೆನಪಿದೆ. ಎಚ್ಚರಾದಾಗ ಭುಜಕ್ಕಿಂತ ಸೊಂಟ ಹೆಚ್ಚು ನೋಯುತ್ತಿತ್ತು, ಮೂಳೆ ಚೂರು ತೆಗೆದ ಜಾಗ. ವಾಂತಿ ಬಂದಾಗಲೆಲ್ಲ ಅವ್ವ ಹಣೆ ಹಿಡಿದರು. ಗಾಯ ಒಂದು ಕಡೆ ಕೆಂಪಾಗಿ ಊದಿಕೊಂಡು ಜ್ವರ ಬಂತು. ಸರ್ಜನ್ ಹುಬ್ಬು ಗಂಟಿಕ್ಕಿ ದಿನವೂ ಬಿಚ್ಚಿ ನೋಡಿದರು, ಪೆನ್ಸಿಲಿನ್ ಚುಚ್ಚಿಸಿದರು. ಪಟ್ಟಿ ಬೇಕೆಂದು ಹಟ ಹಿಡಿದದ್ದು ನಾನು, ಈಗ ಕೀವಾದರೆ ಯಾರನ್ನು ದೂರುವುದು ಎಂದು ಮಲಗಿ ಯೋಚಿಸಿದೆ. ಯಾರನ್ನೂ ಅಲ್ಲ ಎಂದು ತೀರ್ಮಾನಿಸಿದ ಮೇಲೆ ಸಮಾಧಾನವಾಯಿತು. ಊತ ನಿಧಾನವಾಗಿ ಇಳಿಯಿತು. ಕೈಯನ್ನು ಜೋಳಿಗೆಯಂಥ ಬಟ್ಟೆಯಲ್ಲಿ ಕಟ್ಟಿಕೊಂಡಿದ್ದರೂ ಮೊಣಕೈ, ಬೆರಳು ಆಡಿಸಲು ಬೇಗನೆ ಬಿಟ್ಟರು. ಪಕ್ಕದ ಅಕ್ಕನಿಗೆ ಅದೂ ಇರಲಿಲ್ಲ, ಅವರ ತೋಳನ್ನು ಎದೆಗೇ ಸುತ್ತಿದ್ದರು.

ಊರಿಗೆ ಬಂದು ಕೆಲವು ತಿಂಗಳಾಗಿ, ನನ್ನ ಮೂಳೆ ಕೂಡಿದ ಮೇಲೆ ಒಂದು ಮಧ್ಯಾಹ್ನ ಅಕ್ಕನ ಮನೆಗೆ ಹೋದೆ. ಅವರ ಕಡ್ಡಿ ಆಗಲೇ ಹೊರಬಂದಿತ್ತು. ಸರಿಯುತ್ತ ಸರಿಯುತ್ತ ಒಂದು ದಿನ ಭುಜದ ಹಿಂದೆ ಚರ್ಮ ಸೀಳಿ ತುದಿ ಕಾಣಿಸಿತ್ತಂತೆ. ಗಂಡ ಗಾಬರಿಯಾಗಿ ಕೈಕಾಲು ಆಡದೆ ನಿಂತರೆ, ಆಕೆ ತಾವೇ ಶುದ್ಧ ಬಟ್ಟೆ ಸುತ್ತಿಕೊಂಡು ಬಸ್ಸು ಹತ್ತಿದ್ದರು. ಅಷ್ಟು ಹೊತ್ತಿಗೆ ಮೂಳೆ ಕೂಡಿತ್ತು. ಕಡ್ಡಿ ಎಳೆದರು, ಮುಗಿಯಿತು.

ಹತ್ತಿಯ ರಾಶಿಯ ಪಕ್ಕ ಕೂತು ನಾವಿಬ್ಬರೂ ಸೆರಗು ಸರಿಸಿ ಒಬ್ಬರದನ್ನೊಬ್ಬರು ನೋಡಿದೆವು. ಅವರ ಕುತ್ತಿಗೆಯ ಬಳಿ ಹುಡುಕಿದರೆ ಮಾತ್ರ ಸಿಗುವ ಚುಕ್ಕೆ. ಮೂಳೆ ಸ್ವಲ್ಪ ಗಿಡ್ಡವಾಗಿ ಕೂಡಿದ್ದರಿಂದ ಭುಜ ತುಸು ಒಳಗೆ ಬಂದಿತ್ತು. ನನ್ನದರ ಮೇಲೆ ಕೆಂಪು ಗೆರೆ, ಕೆಳಗೆ ಪಟ್ಟಿಯ ಉಬ್ಬು.

"ನಿಂದು ಡಾಂಬರ್ ರೋಡ್ ಹಾಕ್ದಂಗೈತಿ," ಎಂದು ಅಕ್ಕ ನಕ್ಕರು.

"ನಿಮ್ಮದು ಕಾಲುದಾರಿ," ಎಂದೆ.

ಇಬ್ಬರೂ ಕೈ ಎತ್ತಿದೆವು. ನನ್ನದು ನೆಟ್ಟಗೆ ಮೇಲಕ್ಕೆ ಹೋಯಿತು. ಅವರದು ಕಿವಿಯ ಹತ್ತಿರ ಬಂದು ಬಿಗಿಯಿತು. ಆದರೆ ನನ್ನ ಗೆರೆಯ ಕೆಳಗೆ ಅವರು ಚಿವುಟಿದ್ದು ನನಗೆ ತಿಳಿಯಲೇ ಇಲ್ಲ. ಯಾರದು ಗೆದ್ದಿತು ಎಂದು ಹೇಳುವ ಹಾಗಿರಲಿಲ್ಲ. ಆಕೆಗೆ ಬೇಕಾದದ್ದು ಆಕೆಗೆ ಸಿಕ್ಕಿತ್ತು, ನನಗೆ ಬೇಕಾದದ್ದು ನನಗೆ. ನಾನು ಕೇಳಿ ತೆಗೆದುಕೊಂಡಿದ್ದೆ, ಅಷ್ಟೇ ವ್ಯತ್ಯಾಸ. "ಇನ್ಮ್ಯಾಲೆ ನಮ್ಮನ್ಯಾಗ ಏನಾದ್ರೂ ನನ್ನೂ ಕೇಳ್ಬೇಕು ಅಂತ ಹೇಳೀನಿ," ಎಂದರು ಅಕ್ಕ, ಒಳಗೆ ಹತ್ತಿ ಹಿಂಜುತ್ತಿದ್ದ ಗಂಡನಿಗೂ ಕೇಳಿಸುವ ಹಾಗೆ.

ಸೊರಬದವರು ಹುಡುಗಿ ನೋಡಲು ಬಂದರು. ಅಪ್ಪ ಕುತ್ತಿಗೆಯವರೆಗೆ ಮುಚ್ಚುವ ಹೊಸ ರವಿಕೆ ಹೊಲಿಸಿ ತಂದಿದ್ದರು. ನಾನು ದಿನದ ರವಿಕೆಯನ್ನೇ ತೊಟ್ಟು ಬಂದು ಕೂತೆ. ಹುಡುಗನ ತಾಯಿಯ ಕಣ್ಣು ನೇರವಾಗಿ ಗೆರೆಯ ಮೇಲೆ ಹೋಯಿತು.

"ಇದೆಂಥದು?"

"ಮೂಳೆ ಮುರಿದಿತ್ತು. ಒಳಗೆ ಸ್ಟೀಲ್ ಪಟ್ಟಿ ಇಟ್ಟು ಸ್ಕ್ರೂ ಹಾಕಿದಾರೆ."

"ಸ್ಕ್ರೂನ? ನಾಳೆ ಮಕ್ಕಳು ಮರಿ ಎತ್ತಕ್ಕೆ ಬರ್ತದನ?"

"ಬೇಕಾದ್ರೆ ನಿಮ್ಮ ಮಗನ್ನೇ ಎತ್ತಿ ತೋರಿಸ್ತೀನಿ," ಎಂದುಬಿಟ್ಟೆ.

ಹುಡುಗ ಫಕ್ಕನೆ ನಕ್ಕ. ಅವನ ತಾಯಿ ನಗಲಿಲ್ಲ. ಉಪ್ಪಿಟ್ಟು ತಟ್ಟೆಯಲ್ಲೇ ಉಳಿಯಿತು. ಅವರು ಹೋದ ಮೇಲೆ ಅಪ್ಪ ಅಂಗಡಿಗೆ ನಡೆದರು. ಸಂಬಂಧ ಮುರಿದದ್ದಕ್ಕೆ ಅವರಿಗೆ ನೋವಾಗಿತ್ತು, ನನಗೆ ಆಗಲಿಲ್ಲ. ಆದರೆ ಕೆಲವು ದಿನಗಳ ನಂತರ ಅಂಗಡಿಗೆ ಊಟ ಒಯ್ದಾಗ, ಉಡುತಡಿಯಿಂದ ಬಂದ ಗಿರಾಕಿಯೊಬ್ಬರಿಗೆ ಅಪ್ಪ ಬೆಲ್ಲ ತೂಗುತ್ತ ಹೇಳುತ್ತಿದ್ದುದು ಕಿವಿಗೆ ಬಿತ್ತು: "ಹುಡುಗನ್ನೇ ಎತ್ತಿ ತೋರಸ್ತೀನಿ ಅಂದ್ಲು ನೋಡ್ರೀ ನನ್ನ ಮಗಳು!" ದನಿಯಲ್ಲಿ ಸಿಟ್ಟಿರಲಿಲ್ಲ. ನನ್ನನ್ನು ಕಂಡ ಕೂಡಲೇ ತಕ್ಕಡಿಯ ಕಡೆ ಮುಖ ತಿರುಗಿಸಿಕೊಂಡರು.

ಕೆಲಸಕ್ಕೆ ಮರಳಿದಾಗ ಬ್ಲಾಕ್ ಆಫೀಸಿನಲ್ಲಿ ನನಗೆ ಒಂದು ಮೇಜು ಹಾಕಿಸಿದ್ದರು. ಹಳ್ಳಿ ಸುತ್ತುವುದು ಬೇಡ, ಕೂತು ಬರೆಯುವ ಕೆಲಸ ಮಾಡಲಿ ಎಂದು ಅಧಿಕಾರಿಗಳ ಏರ್ಪಾಡು. ನನ್ನ ಸೈಕಲ್ಲನ್ನು ಗುಮಾಸ್ತರೊಬ್ಬರು ಮನೆಗೆ ಹೋಗಿಬರಲು ಬಳಸುತ್ತಿದ್ದರು.

"ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು ಕಣ್ರೀ," ಎಂದರು ಅಧಿಕಾರಿ. "ಮತ್ತೆ ಬಿದ್ರೆ?"

"ಮತ್ತೆ ಏಳ್ತೀನಿ ಸಾರ್."

"ಹೆಣ್ಣುಮಕ್ಕಳಿಗೆ ಇಷ್ಟು ಹಟ ಒಳ್ಳೇದಲ್ಲ."

ನಾನು ಹೊರಗೆ ಹೋದೆ. ಸೈಕಲ್ ಜಗಲಿಗೆ ಒರಗಿತ್ತು. ಗುಮಾಸ್ತರು ತಮ್ಮ ಎತ್ತರಕ್ಕೆ ಸೀಟು ಏರಿಸಿಕೊಂಡಿದ್ದರು. ಅವರನ್ನೇ ಕರೆದು ನಟ್ಟು ಬಿಗಿಯುವ ಪಾನಾ ತರಿಸಿ, ಸೀಟು ಇಳಿಸಿ, ಬಲಗೈಯಿಂದಲೇ ಬಿಗಿದೆ. ಸೈಕಲ್ ಹತ್ತಿ, ಆಫೀಸಿನ ಅಂಗಳವನ್ನು ಸುತ್ತಿ ಬಂದೆ. ಭುಜದಲ್ಲಿ ಪಟ್ಟಿ ಒತ್ತಿದಂತಾಯಿತು, ಬಿಡಲಿಲ್ಲ. ಕಿಟಕಿಯಲ್ಲಿ ಅಧಿಕಾರಿಯ ತಲೆ ಕಾಣುತ್ತಿತ್ತು. ಗಂಟೆ ಬಾರಿಸಿದೆ. ಅವರು ಕೈ ಬೀಸಿ, ಹೋಗಿ ಹಾಳಾಗಿ ಎಂಬ ಹಾಗೆ ಸನ್ನೆ ಮಾಡಿದರು. ಅದನ್ನೇ ಆರ್ಡರ್ ಎಂದು ತಿಳಿದುಕೊಂಡೆ.

ಆಮೇಲೆ ಅದೇ ಸೀಮೆಯಲ್ಲಿ ವರ್ಷಗಟ್ಟಲೆ ಸೈಕಲ್ ತುಳಿದೆ, ಬೇರೆ ಗ್ರಾಮಸೇವಿಕೆಯರಿಗೂ ಕಲಿಸಿದೆ. ಮದುವೆಯೂ ಆಯಿತು, ತಡವಾಗಿ, ಗೆರೆಯನ್ನು ಮೊದಲೇ ನೋಡಿದವರ ಜೊತೆ. ಚಳಿಗಾಲದ ಬೆಳಿಗ್ಗೆ ಪಟ್ಟಿ ತಣ್ಣಗೆ ಕೊರೆಯುತ್ತದೆ. ಚೀಲದ ಹಿಡಿ ಅದರ ಮೇಲೆ ಬಿದ್ದರೆ ಚರ್ಮ ನೋಯುತ್ತದೆ, ಅದಕ್ಕೇ ಚೀಲವನ್ನು ಎಡಭುಜಕ್ಕೆ ಹಾಕಿಕೊಳ್ಳುತ್ತೇನೆ. ಮೂಳೆ ಕೂಡಿದೆಯಲ್ಲ, ತೆಗೆಸಿಬಿಡಿ ಎಂದು ಎಷ್ಟೋ ಡಾಕ್ಟರುಗಳು ಹೇಳಿದ್ದಾರೆ. ಒಬ್ಬರಂತೂ, ಹಳೇ ಗೆರೆಯನ್ನು ಕಾಣದ ಹಾಗೆ ಹೊಲಿದುಕೊಡುತ್ತೇನೆ ಎಂದರು. ಯಾರಿಗೆ ಕಾಣದ ಹಾಗೆ ಎಂದು ಕೇಳಿದೆ. ಅವರು ನಕ್ಕರು, ನಾನು ಎದ್ದು ಬಂದೆ.